ಬಾಗಿಲಿಗೆದುರಿನ ಚಿತ್ರ
ಪರ್ತ್‌ನ ಮೋರ್ಲಿಯಿಂದ ಬ್ರಿಸ್ಬೇನಿಗೆ, ಅಲ್ಲಿಂದ ಅಡಿಲೇಡಿನ ಮಾಡ್ಬರಿಗೆ ಮನೆ ಬದಲಿಸಿದಾಗಲೆಲ್ಲ ಇಂಜಿನಿಯರ್ ರಮಾಕಾಂತ್ ಹಾಲುಕ್ಕಿಸುವುದಕ್ಕೂ ಮೊದಲು ಬಾಗಿಲಿಗೆದುರಾಗಿ ಒಂದು ಚಿತ್ರ ತೂಗುಹಾಕುತ್ತಾನೆ: ಒಣಗಿದ ಬಯಲು, ಒಂಟಿ ನೀಲಗಿರಿ ಮರ, ಕುದುರೆಯ ಮೇಲೊಬ್ಬ ಟೋಪಿಯವನು. ಈ ದೇಶ ತನ್ನ ಮುಖ ಕಂಡುಕೊಂಡದ್ದು ಇಂಥ ಚಿತ್ರಗಳಲ್ಲಿ, ದನಗಾಹಿಗಳ ಪದ್ಯಗಳಲ್ಲಿ ಎಂದು ಎಲ್ಲೋ ಓದಿದಂದಿನಿಂದ ಅವನಿಗೆ ನೆಮ್ಮದಿಯಿಲ್ಲ. "ಯಾರಾದ್ರೂ ಕೇಳಿದ್ರೆ?" ಎನ್ನುತ್ತ ಆ ಪದ್ಯಗಳನ್ನು ಬಸ್ಸಿನಲ್ಲಿ, ಬಚ್ಚಲಲ್ಲಿ ಬಾಯಿಪಾಠ ಮಾಡುತ್ತಾನೆ. ಭಾನುವಾರ ಆರ್ಟ್ ಗ್ಯಾಲರಿಗೆ ಹೋದರೆ ಪ್ರತಿ ಚಿತ್ರದ ಮುಂದೆಯೂ ವೈವಾಕ್ಕೆ ಬಂದ ಹುಡುಗನಂತೆ ಕೈಕಟ್ಟಿ ನಿಲ್ಲುತ್ತಾನೆ. ಕಾವಲಿನವನು ಹತ್ತಿರ ಬಂದರೆ ಚಿತ್ರದ ಹೆಸರು, ಇಸವಿಯನ್ನು ಗೊಣಗಿಕೊಳ್ಳುತ್ತಾನೆ. ಒಮ್ಮೆ ಆಫೀಸಿನವರ ಬಾರ್ಬೆಕ್ಯೂ ಕೂಟದಲ್ಲಿ ಯಾರೂ ಕೇಳದೆಯೇ ಹದಿಮೂರು ಚರಣಗಳನ್ನು ಒಂದೇ ಉಸಿರಿಗೆ ಒಪ್ಪಿಸಿದ. ಇಲ್ಲೇ ಹುಟ್ಟಿ ಬೆಳೆದ ಸಹೋದ್ಯೋಗಿಗಳಿಗೆ ಅದರಲ್ಲಿ ಎರಡು ಸಾಲೂ ಬರುತ್ತಿರಲಿಲ್ಲ. "ಅವರಿಗೇ ಬರಲ್ಲ, ನಿಮಗ್ಯಾಕ್ರೀ ಭಯ?" ಎಂದು ಹೆಂಡತಿ ಗೌರಿ ನಕ್ಕಳು. "ಅವ್ರಿಗೆ ಬರದಿದ್ರೂ ನಡೆಯುತ್ತೆ ಕಣೇ, ನಮಗೆ ನಡೆಯಲ್ಲ" ಎಂದ. ಕಳೆದ ತಿಂಗಳು ಆರು ವರ್ಷದ ಮಗಳು ಕವನಾ ಶಾಲೆಯಲ್ಲಿ 'ನನ್ನ ದೇಶ' ಎಂದು ಬಿಡಿಸಿದ ಚಿತ್ರ ತಂದಳು. ಅದೇ ಬಯಲು, ಅದೇ ಮರ, ಅದೇ ಟೋಪಿಯವನು. "ನಾವೆಲ್ಲಿ ಪುಟ್ಟೀ ಇದ್ರಲ್ಲಿ?" ಎಂದು ಕೇಳಿದ. ಮಗಳು ಗೋಡೆಯತ್ತ ಬೆರಳು ತೋರಿಸಿ, "ವಿ ಆರ್ ನಾಟ್ ಇನ್ ದಟ್ ಒನ್ ಐದರ್, ಅಪ್ಪಾ" ಎಂದಳು. ಚಿತ್ರ ಇಂದಿಗೂ ಅಲ್ಲೇ ಇದೆ, ಇಳಿಸುವಷ್ಟು ಧೈರ್ಯ ರಮಾಕಾಂತನಿಗಿಲ್ಲ. ಮಗಳು ಅದರ ಮುಂದೆ ನಿಂತಾಗ ಮಾತ್ರ ಏನಾದರೊಂದು ನೆಪ ಹೇಳಿ ಅವಳನ್ನು ಒಳಗೆ ಕರೆಯುತ್ತಾನೆ.