ಅಕ್ಕನ ಅಳತೆಯ ಪುಸ್ತಕ

ಹೊಸನಗರದ ನನ್ನ ಹೊಲಿಗೆ ಅಂಗಡಿಗೆ ಬಂದ ಯಾರನ್ನು ಬೇಕಾದರೂ ಕೇಳಿ, ಅಳತೆ ತೆಗೆಯದೆ ನಾನು ಬಟ್ಟೆಗೆ ಕತ್ತರಿ ಇಟ್ಟವಳಲ್ಲ. "ಹೋದ್ಸಲದ ಅಳತೆನೇ ಸಾಕು, ಹೊಲ್ದು ಕೊಡಿ" ಅಂದವರಿಗೆ, "ಹೋದ್ಸಲದ ಮೈ ಈಗ ಇದ್ಯಾ ನಿಮ್ಗೆ?" ಅಂತ ಕೇಳಿಬಿಟ್ಟಿದ್ದೇನೆ. ಬಾಯಿ ಜೋರು ಅಂತ ಊರಿಗೇ ಗೊತ್ತು. ಇರಲಿ. ಆ ಬಾಯಿ, ಈ ಟೇಪು ಎರಡೂ ಸೇರಿ ಒಂದು ಕೆಲಸ ಮಾಡಿವೆ, ಅದನ್ನು ಹೇಳಿಕೊಳ್ಳಬೇಕು. ಜಂಬ ಅನ್ನಿಸಿದರೆ ಅನ್ನಿಸಲಿ, ಜಂಬವೇ ಅದು.

ನನ್ನ ಅಕ್ಕನ ಮನೆ ಸಾಗರದಲ್ಲಿ. ಇಬ್ಬರೂ ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ. ಆಗಿಂದಲೂ ಅಕ್ಕನಿಗೆ ಪುಸ್ತಕದ ಹುಚ್ಚು. "ಹಾಲು ನೋಡ್ಕೊಳ್ಳೇ" ಅಂತ ಅಮ್ಮ ಒಲೆ ಮುಂದೆ ಕೂರಿಸಿ ಹೋದರೆ, ಇವಳು ಕಾದಂಬರಿ ಬಿಡಿಸಿಕೊಂಡು ಕೂತಳು ಅಂತಲೇ ಲೆಕ್ಕ. ಹಾಲು ಉಕ್ಕಿ, ಒಲೆ ಆರಿ, ಮನೆಯೆಲ್ಲ ಸೀದ ವಾಸನೆ ತುಂಬಿದರೂ ಇವಳ ತಲೆ ಮೇಲೇಳುತ್ತಿರಲಿಲ್ಲ. "ಇವಳನ್ನ ಕೊಟ್ಟ ಮನೇಲಿ ಕಾಫಿಗೆ ಹಾಲೇ ಉಳಿಯಲ್ಲ" ಅಂತ ಅಮ್ಮ ತಲೆ ಚಚ್ಚಿಕೊಳ್ಳುತ್ತಿದ್ದಳು.

ಮದುವೆಯಾಗಿ ಅವಳು ಸಾಗರ, ನಾನು ಹೊಸನಗರ ಸೇರಿದ ಮೇಲೆ ನಮ್ಮ ಪುಸ್ತಕಗಳು ಬಸ್ಸಲ್ಲಿ ಓಡಾಡಿದವು. ಓದಿ ಮುಗಿದದ್ದನ್ನು ಒಂದು ಬ್ಲೌಸ್ ಪೀಸಿನಲ್ಲಿ ಸುತ್ತಿ ಡ್ರೈವರ್ ಕೈಗೆ ಕೊಡುವುದು, "ಸ್ಟ್ಯಾಂಡಲ್ಲಿ ಅಕ್ಕ ಇರ್ತಾಳೆ, ಕೊಟ್ಬಿಡಿ" ಅನ್ನುವುದು. ಸಂಜೆ ಫೋನು ಬರುತ್ತಿತ್ತು. "ಕೊನೆ ಕೆಡಿಸಿದಾನೆ ಕಣೆ" ಅಂತಲೋ, "ಎರಡನೇ ಸಲ ಓದ್ತಾ ಇದೀನಿ, ಕೇಳ್ಬೇಡ ಈಗ್ಲೇ" ಅಂತಲೋ. ಆಮೇಲೆ ಒಂದು ಬೇಸಿಗೆಯಲ್ಲಿ "ಸದ್ಯಕ್ಕೆ ಕಳಿಸ್ಬೇಡ, ಮನೇಲೇ ಓದದ್ದು ರಾಶಿ ಬಿದ್ದಿದೆ" ಅಂದಳು.

ಆ ವರ್ಷದ ನವರಾತ್ರಿಯಲ್ಲಿ ನನಗೆ ವಿಷಯ ಗೊತ್ತಾಯಿತು. ನಮ್ಮ ಕಡೆ ಮೂಲಾ ನಕ್ಷತ್ರದ ದಿನ ಮನೆಯ ಪುಸ್ತಕಗಳನ್ನು ಶಾರದೆಯ ಮುಂದೆ ಇಡುತ್ತಾರೆ. ಇಟ್ಟ ಮೇಲೆ ವಿಜಯದಶಮಿಯವರೆಗೆ ಮುಟ್ಟುವ ಹಾಗಿಲ್ಲ, ಓದುವ ಹಾಗಿಲ್ಲ. ದಶಮಿ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಒಬ್ಬೊಬ್ಬರೂ ಒಂದು ಪುಸ್ತಕ ತೆಗೆದು ದೇವಿಗೆ ಕೇಳುವಂತೆ ನಾಲ್ಕು ಸಾಲು ಓದಬೇಕು. ಅಕ್ಕನ ಮನೆಯಲ್ಲಿ ಮೊದಲ ಓದು ಅಕ್ಕನದು. ಮನೆಯ ಹಿರಿಯ ಹೆಂಗಸು ಬಾಯಿ ತೆರೆದ ಮೇಲೇ ಮಿಕ್ಕವರದ್ದು, ಭಾವನದ್ದೂ ಆಮೇಲೆಯೇ. ಆ ದಿನ ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಅಕ್ಕ ಪುಸ್ತಕ ತೆಗೆದಳು, ಕಣ್ಣಿಗೊತ್ತಿಕೊಂಡಳು, ಬಿಡಿಸಿ ನಿರರ್ಗಳವಾಗಿ ಓದಿದಳು. ಎಲ್ಲರೂ ತಲೆದೂಗಿದರು. ಅವಳು ಬಿಡಿಸಿಕೊಂಡಿದ್ದ ಪುಟದಲ್ಲಿ ಇದ್ದದ್ದು ಅಧ್ಯಾಯಗಳ ಪಟ್ಟಿ.

ಅಕ್ಕನನ್ನು ಅಡುಗೆಮನೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿ ಕೇಳಿದೆ, "ಯಾವಾಗಿಂದ ಇದು?"

"ಬೇಸಿಗೆಯಿಂದ," ಅಂದಳು. ಒಂದು ಕಣ್ಣಿನ ನಡುವೆ ಕಪ್ಪು ಮಚ್ಚೆ ಕೂತುಬಿಟ್ಟಿದೆ, ಇನ್ನೊಂದರಲ್ಲಿ ಅಕ್ಷರ ತೀರಾ ದೊಡ್ಡದಿದ್ದರೆ ಮಾತ್ರ ಕಾಣುತ್ತೆ, ಕನ್ನಡಕದಿಂದ ಇನ್ನು ಪ್ರಯೋಜನ ಇಲ್ಲ ಅಂತ ಡಾಕ್ಟ್ರು ಹೇಳಿದ್ದರಂತೆ. ಸೊಸೆ ದಿನಾ ಓದಿ ಹೇಳ್ತೀನಿ ಅಂದಳಂತೆ. ಭಾವ ಫೋನಲ್ಲಿ ಕಥೆ ಕೇಳುವ ವ್ಯವಸ್ಥೆಯನ್ನೇ ಮಾಡಿಕೊಟ್ಟರಂತೆ. "ಬೇರೆಯೋರು ಅಗಿದು ಕೊಟ್ಟಿದ್ದನ್ನ ನಾನು ನುಂಗ್ಬೇಕಾ?" ಅಂದಳು ಅಕ್ಕ. ಆಮೇಲೆ ದನಿ ಇಳಿಸಿ, "ಬರೋ ವರ್ಷ ಮೊದ್ಲ ಓದು ಸೊಸೆದು. ದೇವ್ರ ಮುಂದೆ ಇನ್ನೊಂದ್ಸಲ ನಾಟಕ ಆಡೋದು ನನ್ನಿಂದಾಗಲ್ಲ" ಅಂದಳು.

ಅವಳು ಅಳಲಿಲ್ಲ, ಅತ್ತಿದ್ದರೆ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲವೇನೋ. ಸಿಟ್ಟೇ ಬಂತು ನನಗೆ. ಯಾರ ಮೇಲೆ ಅಂತ ಇಲ್ಲ, ಸುಮ್ಮನೆ ಸಿಟ್ಟು. "ಬರೋ ವರ್ಷನೂ ನೀನೇ ಓದ್ತೀಯ. ಬರೆದಿಟ್ಕೋ" ಅಂದುಬಿಟ್ಟೆ. ಹೇಗೆ ಅಂತ ಮಾತ್ರ ನನಗೂ ಗೊತ್ತಿರಲಿಲ್ಲ.

ಗೊತ್ತಿಲ್ಲದಾಗ ಅಳತೆ ತೆಗೆಯಬೇಕು. ಮುಂದಿನ ಸಲ ಹೋದಾಗ ಬಿಳಿ ಲೈನಿಂಗ್ ಬಟ್ಟೆಯ ತುಂಡೊಂದನ್ನು ಒಯ್ದೆ. ಅಕ್ಕನನ್ನು ಕಿಟಕಿ ಪಕ್ಕ ಕೂರಿಸಿ, ಕಪ್ಪು ಪೆನ್ನಿನಲ್ಲಿ ಸಣ್ಣದರಿಂದ ದೊಡ್ಡದಕ್ಕೆ ಒಂದೊಂದೇ ಸಾಲು ಬರೆಯುತ್ತಾ ಓದಿಸಿದೆ. ಅರ್ಥ ಇಲ್ಲದ ಮಾತುಗಳನ್ನೇ ಬರೆದೆ. ಅರ್ಥ ಇದ್ದರೆ ಅಂದಾಜಿನ ಮೇಲೆ ಹೇಳಿಬಿಡುತ್ತಾಳೆ, ಕಳ್ಳಿ. ಹೆಬ್ಬೆರಳ ಉಗುರಿನಷ್ಟು ಎತ್ತರ ಬಂದಾಗ ತಡವರಿಸದೆ ಓದಿದಳು. "ಎಂತ ಬರ್ದಿದೀಯೇ ಇದು, ತಲೆಬುಡ ಇಲ್ಲ!" ಅಂತ ಬೈದಳು. ಬೈಗುಳ ಕೇಳಿ ನನಗೆ ಕುಣಿಯುವಷ್ಟು ಖುಷಿ. ಆ ಸಾಲನ್ನು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡೆ. ಹೊಲಿಗೆಗೆ ಕೊಡುವಾಗ ಹೆಂಗಸರು ಅಳತೆ ಬ್ಲೌಸು ತರುತ್ತಾರಲ್ಲ, ಇದು ಅಕ್ಕನ ಕಣ್ಣಿನ ಅಳತೆ ಬ್ಲೌಸು.

"ಇರೋ ಫೋನೇ ಸಾಕಲ್ಲ ಮಾರಾಯ್ತಿ, ಅದರಲ್ಲೇ ಪುಸ್ತಕ ಬರುತ್ತೆ" ಅಂದರು ಭಾವ. ಭಾವ ಒಳ್ಳೆಯವರು, ಆದರೆ ಹೊಸದು ಅಂದರೆ ಅವರಿಗೆ ಆಗಿಬರುವುದಿಲ್ಲ. ಫೋನಿನ ಮೇಲೆ ಬಟ್ಟೆ ತುಂಡು ಇಟ್ಟು, ಅಕ್ಷರ ಅಷ್ಟಕ್ಕೇ ದೊಡ್ಡದು ಮಾಡಿ ತೋರಿಸಿದೆ. ಸಾಲಿಗೆ ಒಂದೇ ಪದ ಹಿಡಿಯಿತು. ನಮ್ಮ ಕನ್ನಡದ ಪದಗಳೋ, ಬಾಲಕ್ಕೆ ಬಾಲ ಕಟ್ಟಿಕೊಂಡು ಉದ್ದಕ್ಕೆ ಹೋಗುವಂಥವು. ಅರ್ಧ ಈ ಸಾಲಲ್ಲಿ, ಅರ್ಧ ಕೆಳಗೆ. ನಡುವೆ ಯಾರದ್ದೋ ಫೋನು ಬೇರೆ ಬಂತು. ಅದೇ ನೆಪದಲ್ಲಿ ಭಾವ ಫೋನು ಎತ್ತಿಕೊಂಡು ಹೊರಗೆ ಹೋದರು.

ಸಾಗರದ ಪೇಟೆಯಲ್ಲಿ ಒಂದು ಅಂಗಡಿಗೆ ಹೋದೆ. ಅಂಗಡಿಯವರು ಟ್ಯಾಬು ತೆಗೆದು ರ‍್ಯಾಮು, ಕ್ಯಾಮೆರಾ ಅಂತ ಶುರು ಮಾಡಿದರು. "ಫೋಟೋ ಹೊಡೆಯೋಕಲ್ಲ ಸ್ವಾಮಿ, ಓದೋಕೆ" ಅಂದು ಬಟ್ಟೆ ತುಂಡು ತೆಗೆದು ಅದರ ಮೇಲಿಟ್ಟೆ. ಅವರಿಗೆ ನಗು ಬಂತು. ನಗಲಿ, ನನ್ನ ಅಂಗಡಿಗೆ ಬಂದು ಅಳತೆ ಕೊಡದಿದ್ದರೆ ನಾನೂ ನಗುತ್ತೇನೆ. ಅಕ್ಷರವೇನೋ ಚೆನ್ನಾಗಿ ಕೂತಿತು. ಅಂಥದ್ದೇ ಟ್ಯಾಬು ಸೊಸೆಯ ಹತ್ತಿರ ಇತ್ತು, ಕೊಳ್ಳುವ ಮೊದಲು ಅದನ್ನೇ ಅಕ್ಕನಿಗೆ ಕೊಟ್ಟು ನೋಡಿದೆವು. ಅಕ್ಕ ಓದಬೇಕಾದರೆ ಮುಖದ ಹತ್ತಿರಕ್ಕೇ ಹಿಡಿಯಬೇಕು. ಆ ಬೆಳಕು ಕಣ್ಣಿಗೆ ಚುಚ್ಚಿ ನೀರು ಸುರಿಯಿತು. ಭಾರಕ್ಕೆ ಕೈ ಸೋತು ಒಂದು ಮಧ್ಯಾಹ್ನ ಮಲಗಿದಲ್ಲೇ ಮೂಗಿನ ಮೇಲೆ ಬೀಳಿಸಿಕೊಂಡಳು. "ಸಾಕು ಕಣೆ. ಕಣ್ಣು ಹೋಗಿದ್ದು ಸಾಲ್ದು ಅಂತ ಮೂಗೂ ಕೊಡ್ಲಾ?" ಅಂದಳು. ನಗುತ್ತಲೇ ಅಂದಳು, ಆದರೆ ಟ್ಯಾಬನ್ನು ಸೊಸೆಯ ಕೈಗೆ ಕೊಟ್ಟು ಗೋಡೆ ಕಡೆ ತಿರುಗಿ ಮಲಗಿಕೊಂಡಳು.

ನಾನು ಸೋತೆ ಅಂದುಕೊಂಡಿದ್ದಾಗ ನೆನಪಾದದ್ದು ತೀರ್ಥಹಳ್ಳಿಯ ನನ್ನ ಹಳೆಯ ಗೆಳತಿ. ಕಾಲೇಜಲ್ಲಿ ಪಾಠ ಮಾಡಿ ನಿವೃತ್ತಿಯಾದವಳು, ಈಗಲೂ ಬ್ಲೌಸು ನನ್ನ ಹತ್ತಿರವೇ ಹೊಲಿಸುತ್ತಾಳೆ. ಅವಳ ಚೀಲದಲ್ಲಿ ಸ್ಲೇಟಿನಂಥದ್ದೊಂದು ಇರುತ್ತಿತ್ತು, ಅದು ಈ-ರೀಡರ್ ಅಂತೆ, ಪುಸ್ತಕ ಓದುವುದು ಬಿಟ್ಟರೆ ಅದಕ್ಕೆ ಬೇರೆ ಕಸುಬಿಲ್ಲ. ಬಸ್ಸು ಹತ್ತಿ ಹೋದೆ. ಅವಳ ಜಗಲಿಯಲ್ಲಿ ಬಿಸಿಲಿಗೇ ಹಿಡಿದು ನೋಡಿದೆ. ಹೊಳಪೇ ಇಲ್ಲ, ಕಾಗದದ ಹಾಗೆ ತೆಪ್ಪಗಿದೆ. ಕೈಗೆ ಹಗುರ. ಸರಿ, ಬಟ್ಟೆ ತುಂಡು ಇಟ್ಟು ಅಕ್ಷರ ದೊಡ್ಡದು ಮಾಡಿದರೆ ಸಾಲಿನ ಅರ್ಧ ಪರದೆಯಿಂದ ಆಚೆ ಹೋಗಿಬಿಡಬೇಕಾ! ನನ್ನ ಮುಖ ನೋಡಿ ಗೆಳತಿ ಹೇಳಿದಳು, "ಅಯ್ಯೋ, ಅದು ಹಳೇ ಪುಸ್ತಕದ ಪುಟಗಳ ಫೋಟೋ ಕಣೆ, ದೊಡ್ಡದು ಮಾಡಿದ್ರೆ ಹಾಗೇ. ಅಕ್ಷರಾನೇ ಕೂರಿಸಿರೋ ಪುಸ್ತಕ ಬೇಕು." ಅಂಥದ್ದೊಂದು ತೆಗೆದು ತೋರಿಸಿದಳು. ಅಕ್ಷರ ಬೆಳೆದ ಹಾಗೆ ಸಾಲು ತಾನೇ ಮುರಿದು ಕೆಳಗೆ ಬಂದು ಕೂತಿತು, ಒತ್ತಕ್ಷರಗಳೂ ಜಾಗ ಬಿಟ್ಟು ಕದಲಲಿಲ್ಲ. ಬಟ್ಟೆಯ ಸಾಲು, ಪರದೆಯ ಸಾಲು ಒಂದೇ ಸಮ.

"ಇನ್ನೂ ದೊಡ್ಡ ಪರದೇದು ಬರುತ್ತೆ, ಅಕ್ಕಂಗೆ ಅದೇ ಸರಿ" ಅಂದಳು ಗೆಳತಿ. ಅಲ್ಲೇ ಕೂತು ಅವಳ ಕೈಯಿಂದಲೇ ಆರ್ಡರ್ ಹಾಕಿಸಿದೆ.

ಬಂದ ಮೇಲೂ ಕೆಲಸ ಕಮ್ಮಿ ಇರಲಿಲ್ಲ. ಅಕ್ಕ ಓದಿದ್ದ ಪುಸ್ತಕಗಳನ್ನೂ ಓದದೇ ಇದ್ದದ್ದನ್ನೂ ಕೊಂಡು ತುಂಬಿಸಬೇಕು, ಇಂಗ್ಲಿಷ್‌ನಲ್ಲಿ ಏನೇನೋ ಕೇಳಿದರೆ ಗೆಳತಿಗೆ ಫೋನು ಮಾಡಬೇಕು. ಕೊನೆಗೆ ಒಂದು ಹೊಸ ಕಾದಂಬರಿಯನ್ನು, ಅಕ್ಕ ಹೆಸರೂ ಕೇಳಿರದಂಥದ್ದನ್ನು, ಎಲ್ಲಕ್ಕಿಂತ ಮೇಲೆ ಇಟ್ಟೆ. ಬಾಯಿಪಾಠದ ಆಟ ಇಲ್ಲಿ ನಡೆಯಬಾರದು. ರೇಷ್ಮೆ ಬ್ಲೌಸ್ ಪೀಸಿನಲ್ಲಿ ಒಂದು ಚೀಲ ಹೊಲಿದೆ. ಇಷ್ಟೆಲ್ಲ ಆಗುವಷ್ಟರಲ್ಲಿ ನವರಾತ್ರಿ ಬಂದೇಬಿಟ್ಟಿತು, ನಾನು ಸಾಗರಕ್ಕೆ ಮುಟ್ಟಿದ್ದು ಪುಸ್ತಕ ಇಡುವ ದಿನದ ಬೆಳಿಗ್ಗೆಯೇ.

ಅಕ್ಕ ಚೀಲದಿಂದ ತೆಗೆದು ಎರಡೂ ಕೈಯಲ್ಲಿ ಹಿಡಿದಳು. ಮೊದಲ ಪುಟದ ಹೆಸರು ನೋಡಿ "ಕಾಣುತ್ತೆ" ಅಂದಳು. ಅವಳ "ಕಾಣುತ್ತೆ"ಯನ್ನು ನಾನು ನಂಬುವವಳಲ್ಲ. "ನಾಲ್ಕು ಸಾಲು ಓದು ನೋಡಾಣ" ಅನ್ನುವಷ್ಟರಲ್ಲಿ ಪೂಜೆಗೆ ಪುಸ್ತಕ ಜೋಡಿಸುತ್ತಿದ್ದ ಭಾವ ಒಳಗಿಂದ ಬಂದರು.

"ಇದನ್ನ ನವಮಿಗೆ ಇಡಾಣ, ಆಯುಧ ಪೂಜೆಗೆ," ಅಂದರು. "ಸ್ಕೂಟರ್ ಜೊತೆ, ಮಿಕ್ಸಿ ಜೊತೆ. ಇದೂ ಮಷೀನೇ ಅಲ್ವಾ?"

ನನಗೆ ಹಾಲು ಕುಡಿದಷ್ಟು ಸಂತೋಷ. ಮಷೀನು ಅಂತಾದರೆ ಶಾರದೆಯ ಮುಂದೆ ಇಡಬೇಕಾಗಿಲ್ಲ, ಅಕ್ಕ ಈಗಿಂದೀಗಲೇ ಓದಬಹುದು. "ಹೌದು ಭಾವ, ಮಷೀನೇ!" ಅಂದೆ. ಜೀವಮಾನದಲ್ಲಿ ಭಾವನ ಮಾತಿಗೆ ನಾನು ಅಷ್ಟು ಬೇಗ ಒಪ್ಪಿದ್ದಿಲ್ಲ.

ಅಕ್ಕ ತಲೆಯೆತ್ತಿದಳು. "ನಾನು ಮಿಕ್ಸಿ ಓದ್ತೀನಾ?" ಅಂದಳು. "ಇದು ಪುಸ್ತಕ. ಪುಸ್ತಕದ ಜೊತೆಗೇ ಇಡಬೇಕು."

"ಅಕ್ಕಾ, ಇದರೊಳಗೇ ಇದೆ ಕಣೆ ಎಲ್ಲ! ಇದನ್ನ ಇಟ್ರೆ ನಿಂಗೆ ಓದೋಕೆ ಒಂದೂ ಉಳಿಯಲ್ಲ. ಒಂದೂವರೆ ವರ್ಷ ಆಯ್ತು ನೀನು ಓದಿ!"

"ಅಷ್ಟು ದಿನ ಕಾದವಳಿಗೆ ದಶಮಿ ದೂರ ಇಲ್ಲ. ಪುಸ್ತಕ ಅಂತ ತಂದುಕೊಟ್ಟವಳು ನೀನು. ಹಾಗಿದ್ಮೇಲೆ ಪುಸ್ತಕದ ಮರ್ಯಾದೆ ಕೊಡ್ಬೇಕಾ ಬೇಡ್ವಾ?"

ಅಂದವಳೇ ಎದ್ದು, ತಾನೇ ಒಯ್ದು ಎಲ್ಲ ಪುಸ್ತಕಗಳ ಮೇಲೆ ಇಟ್ಟಳು. ಏನು ಹೇಳಲಿ ಇಂಥವಳಿಗೆ! ತಲೆ ಮೊಟಕಬೇಕು ಅನ್ನಿಸಿತು, ಕಾಲಿಗೂ ಬೀಳಬೇಕು ಅನ್ನಿಸಿತು. ಅಷ್ಟರಲ್ಲಿ ಭಾವ ಉದ್ಧರಣೆಯಲ್ಲಿ ನೀರೆತ್ತಿಕೊಂಡು ಪ್ರೋಕ್ಷಣೆಗೆ ಹೊರಟಿದ್ದರು, ಹಾರಿ ಹೋಗಿ ಕೈ ಹಿಡಿದೆ. "ಭಾವಾ! ಇದಕ್ಕೆ ಅಕ್ಷತೆ ಸಾಕು!" ಭಾವ ಗೊಣಗುತ್ತಲೇ ನಾಲ್ಕು ಕಾಳು ಹಾಕಿದರು.

ಆ ಮೂರು ದಿನ ನನ್ನ ಜೀವ ನನ್ನ ಕೈಯಲ್ಲಿರಲಿಲ್ಲ. ಅಂಗಡಿಗೆ ಬೀಗ ಹಾಕಿ ಅಲ್ಲೇ ಉಳಿದೆ. ಬೆಳಕು ಸಾಲದಿದ್ದರೆ? ನನ್ನ ಬಟ್ಟೆಯ ಅಳತೆ ಹಳತಾಗಿ, ಕಣ್ಣು ಇನ್ನಷ್ಟು ಹೋಗಿದ್ದರೆ? ಬೇರೆಯವರಿಗೆ "ಹೋದ್ಸಲದ ಮೈ ಈಗ ಇದ್ಯಾ" ಅಂದವಳು ನಾನೇ ಅಲ್ಲವಾ? "ಚಾರ್ಜು ಇರುತ್ತಾ ಅದರಲ್ಲಿ?" ಅಂತ ಭಾವ ಹೋದಾಗ ಬಂದಾಗ ಕೇಳಿದರು. "ವಾರಗಟ್ಟಲೆ ಇರುತ್ತೆ, ನಿಮ್ಮ ಫೋನಿನ ಹಾಗಲ್ಲ" ಅಂತ ಜೋರು ಮಾಡಿದೆ.

ದಶಮಿ ಬೆಳಿಗ್ಗೆ ಅಕ್ಕ ಸ್ನಾನ ಮಾಡಿ, ಪಾಯಸಕ್ಕೆ ಹಾಲು ಒಲೆ ಮೇಲಿಟ್ಟು ಬಂದು ಕೂತಳು. ಪೂಜೆಯಾಯಿತು. ಈ-ರೀಡರನ್ನು ತೆಗೆದು ಕಣ್ಣಿಗೊತ್ತಿಕೊಂಡಳು. ಕಿಟಕಿಯ ಬೆಳಕಿಗೆ ಸ್ವಲ್ಪ ಓರೆ ಮಾಡಿ, ಮುಖದ ಹತ್ತಿರ ಹಿಡಿದಳು. ಮೊದಲ ಸಾಲನ್ನು ಕೂಡಿಸಿ ಕೂಡಿಸಿ ಓದಿದಳು. ಎರಡನೆಯದು ಸ್ವಲ್ಪ ಸಲೀಸು. ಮೂರನೆಯದರ ನಡುವೆ ದನಿ ಸಣ್ಣಗಾಯಿತು, ಆಮೇಲೆ ನಿಂತೇ ಹೋಯಿತು.

ಆಯಿತು, ಕಣ್ಣು ಕೈಕೊಟ್ಟಿತು ಅಂದುಕೊಂಡೆ. ಸೊಸೆ ಆರತಿ ತಟ್ಟೆ ಹಿಡಿದುಕೊಂಡು ನನ್ನ ಮುಖ ನೋಡಿದಳು. ಎದ್ದು ಹೋಗಿ ಅಕ್ಕನ ಕೈಯಿಂದ ಅದನ್ನು ತೆಗೆದುಕೊಂಡುಬಿಡಲಾ ಅಂತ ನಾನು ಮುಂದೆ ಬಾಗಿದೆ. ಆಗ ಕಂಡಿತು, ಅವಳ ಹೆಬ್ಬೆರಳು ಪರದೆಯ ಅಂಚನ್ನು ಮುಟ್ಟಿ ಪುಟ ತಿರುಗಿಸಿತು. ಕಣ್ಣು ಎಡದಿಂದ ಬಲಕ್ಕೆ ಓಡುತ್ತಿತ್ತು. ತುಟಿಯ ಮೂಲೆಯಲ್ಲಿ ನಗು ಬಂತು, ಏನಕ್ಕೋ, ನಮಗ್ಯಾರಿಗೂ ಗೊತ್ತಿಲ್ಲದ ಯಾವುದೋ ಮಾತಿಗೆ. ಇನ್ನೊಂದು ಪುಟ ತಿರುಗಿತು.

"ಅತ್ತೇ, ಆರತಿ..." ಅಂದಳು ಸೊಸೆ.

"ತಡೀರೇ," ಅಂದಳು ಅಕ್ಕ, ತಲೆಯೆತ್ತದೆ.

"ಗಟ್ಟಿಯಾಗಿ ಓದ್ಬೇಕು ಕಣೇ, ದೇವಿಗೆ ಕೇಳ್ಬೇಕು," ಅಂತ ಭಾವ ಶುರು ಮಾಡಿದವರು ನಾನು ನೋಡಿದ್ದಕ್ಕೆ ಅಕ್ಕನ ಕಡೆ ತಿರುಗಿದರು. ಆಮೇಲೆ ಶಲ್ಯದಿಂದ ಮುಖ ಒರೆಸಿಕೊಂಡರು.

ಅಡುಗೆಮನೆಯಲ್ಲಿ ಹಾಲು ಉಕ್ಕಿ ಚುರ್ರ್ ಅಂದಿತು. ಸೀದ ವಾಸನೆ ದೇವರ ಕೋಣೆಯವರೆಗೂ ಬಂತು. ಅಕ್ಕ ಪುಟ ತಿರುಗಿಸಿದಳು. ನಾವು ಯಾರೂ ಏಳಲಿಲ್ಲ.