ಹನ್ನೊಂದು ಗಂಟೆಯ ಕೊಬ್ಬರಿ ವಾಸನೆ

ನಮ್ಮಕ್ಕನಿಗೆ ಹೋಗಿದ್ದ ವಾಸನೆಯ ಅರಿವು ತಿರುಗಿ ಬಂದಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾಲ್ಕು ವರ್ಷ ಬಾಯಿ ಬಿಡಲಿಲ್ಲ — ಒಂದು ಕಿಟಕಿಯ ಸಲುವಾಗಿ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಟ್ಟೆ. ಇಲ್ಲದಿದ್ದರೆ ನನ್ನಂಥವನು ಪೀಠಿಕೆಯಲ್ಲೇ ತಪ್ಪಿಸಿಕೊಳ್ಳುತ್ತಾನೆ. ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗಿ, ಓಣಿಯ ತಿರುವಿನಿಂದ ವಾಪಸ್ ಬಂದು ನಾಲ್ಕನೇ ಸಲ ಜಗ್ಗುವ ಮನುಷ್ಯ ನಾನು. ಮದುವೆಯಾದರೆ ಏನೇನಾಗಬಹುದು ಎಂದು ಯೋಚಿಸುತ್ತಲೇ ಐವತ್ತು ದಾಟಿಸಿದವನು. ಆದೋನಿಯ ಒಂದು ಹತ್ತಿ ಮಿಲ್ಲಿನಲ್ಲಿ, ಬಂದ ಲಾರಿಗಳನ್ನು ತೂಗುವ ಕಾಟಾದ ಮುಂದೆ ನನ್ನ ಕೆಲಸ. ಗಂಡ ತೀರಿದ ಮೇಲೆ ಅಕ್ಕ ನನ್ನ ಜೊತೆಗೆ ಬಂದಿದ್ದಳು. ಎರಡು ಕೋಣೆಯ ಮನೆ, ಎರಡೂ ಬದಿಗೆ ಮಂದಿಯ ಗೋಡೆ. ಬಿಸಿಲು ಒಳಗೆ ಬರುವುದು ಅಡುಗೆಕೋಣೆಯ ಮೂಡಣ ಕಿಟಕಿಯೊಂದರಿಂದಲೇ.

ಆ ಕಿಟಕಿ ಅಕ್ಕನದು. ಅದರ ಕೆಳಗೆ ಹುರಿಯುವುದಕ್ಕೆಂದೇ ಇಟ್ಟ ಆಕೆಯ ಒಲೆ, ದೊಡ್ಡ ಬಾಣಲಿ, ಡಬ್ಬಿಗಳ ಸಾಲು. ಶೇಂಗಾ, ಗುರೆಳ್ಳು, ಅಗಸೆ — ಆಕೆಯ ಚಟ್ನಿಪುಡಿಗೆ ಪೆದ್ದಹರಿವಾಣದಂಥ ಸುತ್ತಿನ ಊರುಗಳಿಂದಲೂ ಜನ ಬರುತ್ತಿದ್ದರು. ಆಕೆ ಹುರಿಯುತ್ತಿದ್ದುದು ಮೂಗಿನಿಂದ. ಗುರೆಳ್ಳು ಹಸಿಯಿದ್ದಾಗಲೂ ಕಪ್ಪು, ಹುರಿದಾಗಲೂ ಕಪ್ಪು, ಹೊತ್ತಿದರೂ ಕಪ್ಪು. ಕಣ್ಣಿಗೆ ಅಲ್ಲೇನು ಕೆಲಸ? ಅಕ್ಕ ಬಾಣಲಿಗೆ ಬೆನ್ನು ಮಾಡಿ ಬೆಳ್ಳುಳ್ಳಿ ಸುಲಿಯುತ್ತ ಕೂತಿರುತ್ತಿದ್ದಳು. ಇದ್ದಕ್ಕಿದ್ದಂತೆ ಎದ್ದು ಇಳಿಸಿಬಿಡುತ್ತಿದ್ದಳು. ಒಂದು ಕ್ಷಣ ಹೆಚ್ಚಿಲ್ಲ, ಕಡಿಮೆಯಿಲ್ಲ. ದಿನಾ ನೋಡಿದರೂ ನನಗೆ ಅದು ಪವಾಡವೇ.

ಕೊರೊನಾ ಜ್ವರ ಆ ಮೂಗನ್ನು ಒಯ್ದಿತು. ಎರಡು ಸಲ ಗುರೆಳ್ಳು ಹೊತ್ತಿತು. ಕೊಂಡವರು ಪುಡಿಯನ್ನು ವಾಪಸ್ ತಂದಿಟ್ಟು ಹೋದರು. ಅಕ್ಕ ಒಲೆ ಹಚ್ಚುವುದನ್ನು ಬಿಟ್ಟಳು. ಆದರೆ ಒಲೆಯನ್ನು ಅಲ್ಲಿಂದ ತೆಗೆಯಲಿಲ್ಲ. ಡಾಕ್ಟರು ಹೇಳಿದಂತೆ ದಿನಾ ಬೆಳಿಗ್ಗೆ ಲವಂಗ, ಏಲಕ್ಕಿ, ನಿಂಬೆಸಿಪ್ಪೆ ಮೂಸುತ್ತಿದ್ದಳು. ಒಂದು ವರ್ಷ ಮೂಸಿದಳು.

ಅದೇ ಕಾಲಕ್ಕೆ ನನಗೆ ಫೋನಿನಲ್ಲಿ ನೋಡಿ ನೋಡಿ ಆರ್ಕಿಡ್ ಹುಚ್ಚು ಹತ್ತಿತು. ಕಿಟಕಿಯ ಅಂಚಿನಲ್ಲಿ ಅಕ್ಕ ನನಗೆ ಬಿಟ್ಟುಕೊಟ್ಟದ್ದು ನಾಲ್ಕು ಬೆರಳಿನ ಜಾಗ. ಗಿಡ ಗೇಣು ಮೀರಬಾರದು, ಹೂವಿಗೆ ವಾಸನೆ ಇರಬೇಕು, ನಮ್ಮೂರ ಬಿಸಿಲಿಗೆ ಸಾಯಬಾರದು — ಹೆಣ್ಣು ನೋಡುವಾಗಲೂ ನಾನು ಇಷ್ಟು ವಿಚಾರಿಸಿರಲಿಲ್ಲ. ಕೊನೆಗೆ, ಹೂವಿಗೆ ಕೊಬ್ಬರಿಯ ವಾಸನೆ ಎಂದು ಮಾರುವವರು ಬರೆದಿದ್ದ ಒಂದನ್ನು ತರಿಸಿದೆ. ಪಾರ್ಸೆಲ್ ಬಿಚ್ಚಿದರೆ ಹುಲ್ಲಿನ ಒಂದು ಹಿಡಿ, ಬುಡದಲ್ಲಿ ಪುಟ್ಟ ಗಡ್ಡೆಗಳು.

“ಏಮಣ್ಣಾ, ಉಲ್ಲಿಗಡ್ಡಲು ತೆಪ್ಪಿಂಚಿನಾವಾ?” ಅಂದಳು ಪಕ್ಕದ ಮನೆಯ ಸುಜಾತಮ್ಮ ತೆಲುಗಿನಲ್ಲಿ — ಈರುಳ್ಳಿ ತರಿಸಿದೆಯಾ ಅಂತ.

“ಉಳ್ಳಾಗಡ್ಡಿ ಆಗಿದ್ರ ಸಾರಿಗಾದ್ರೂ ಬರ್ತಿತ್ತು,” ಅಂದಳು ಅಕ್ಕ. “ನಮ್ಮ ತಮ್ಮ ಹುಲ್ಲು ತರಿಸ್ಯಾನ. ಇನ್ನ ಒಂದು ಎಮ್ಮಿ ಬರಬೇಕು ನೋಡು, ಮನಿ ತುಂಬತೈತಿ.”

ನಗುತ್ತಲೇ ಆ ಹುಲ್ಲಿಗೆ ದಿನಾ ನೀರು ಚಿಮುಕಿಸಿದವಳು ಆಕೆಯೇ. ಬೇಸಿಗೆಯಲ್ಲಿ ಕೂಲರಿನ ತೇವದ ಗಾಳಿ ಅದಕ್ಕೆ ತಾಗಲೆಂದು ತನ್ನ ಹಾಸಿಗೆ ಸರಿಸಿಕೊಂಡವಳೂ ಆಕೆಯೇ.

ಮುಂದಿನ ಹತ್ತಿ ಸುಗ್ಗಿಯಲ್ಲಿ ಅದು ಹೂ ಬಿಟ್ಟಿತು. ನಮಗೆ ಆಗ ಭಾನುವಾರವೂ ರಜೆ ಇಲ್ಲ. ಏಳೂವರೆಗೆ ಹೋದರೆ ಕತ್ತಲಾದ ಮೇಲೇ ಮನೆ. ಒಂದು ಸಂಜೆ ಅಕ್ಕ ಬಾಗಿಲಲ್ಲೇ ನಿಂತಿದ್ದಳು.

“ತಮ್ಮಾ, ಹನ್ನೊಂದರ ಸುಮಾರಿಗೆ ಕೊಬ್ಬರಿ ವಾಸನಿ ಬಂತು. ಗಿಡದ ಕಡಿಂದ.” ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. “ನೀ ಒಂಚೂರು ನೋಡು.”

ನೋಡಿದೆ. ದಿನವೆಲ್ಲ ಹತ್ತಿಯ ನವಿರು ತುಂಬಿಕೊಂಡ ಮೂಗನ್ನು ಹೂವಿಗೆ ತಾಗಿಸಿದೆ. ಏನೂ ಇಲ್ಲ. ಮರುದಿನ ಏಳಕ್ಕೆ, ಬಿಸಿಲು ಬೀಳುವ ಮೊದಲು, ಮತ್ತೊಮ್ಮೆ. ಏನೂ ಇಲ್ಲ. ಎರಡು ಸಲ ನೋಡಿದ್ದೇನಲ್ಲ — ಬೀಗಕ್ಕೆ ನಾಲ್ಕು ಸಲವಾದರೂ ಇದಕ್ಕೆ ಎರಡು ಸಾಕೆನಿಸಿತು.

“ಹೂವಿಗೆ ವಾಸನೇನ ಇಲ್ಲಕ್ಕಾ. ಕೊಬ್ಬರಿ ಅಂತ ನಾನ ಹೇಳಿದ್ನಲ್ಲ, ಅದಕ್ಕ ಹಂಗ ಅನಸೈತಿ. ಭ್ರಮೆ ಅದು.”

“ಹೌದೇನು,” ಅಂದಳು.

ಮರುದಿನದಿಂದ ಲವಂಗ ಮೂಸಲಿಲ್ಲ. ನಾಲ್ಕು ದಿನದಲ್ಲಿ ಬಾಣಲಿ, ಡಬ್ಬಿಗಳು ಸಿ. ಬೆಳಗಲ್ ಊರಿನ ಯಾರೋ ಸಂಬಂಧಿಕರಿಗೆ ಹೋದವು. ಒಲೆ ಅಟ್ಟ ಸೇರಿತು. “ಇನ್ನ ಕಿಟಕಿ ನಿಂದು, ಇಟ್ಕೊ,” ಅಂದಳು. ನಾನು ಸಂಕಟಪಟ್ಟೆ, ನಿಜ. ಸಂಕಟಪಡುತ್ತಲೇ ಕಿಟಕಿಗೆ ಹಲಗೆ ಹೊಡೆಸಿದೆ. ಇನ್ನೂ ಮೂರು ಪುಟ್ಟ ಗಿಡಕ್ಕೆ ಹೇಳಿದೆ.

ಒಂದು ವಾರದ ಮೇಲೆ ಮಿಲ್ಲಿನಲ್ಲಿ ಯಂತ್ರ ಕೆಟ್ಟು ನಮ್ಮನ್ನು ಹತ್ತೂವರೆಗೇ ಕಳಿಸಿದರು. ಅಕ್ಕ ಮಾಧವರಂ ಊರಿನ ನೆಂಟರ ಮನೆಗೆ ಹೋಗಿದ್ದಳು. ಬೀಗ ತೆಗೆದು ಒಳಗೆ ಕಾಲಿಟ್ಟೆ — ಮನೆ ತುಂಬ ಕೊಬ್ಬರಿ. ಯಾರೋ ಈಗಷ್ಟೇ ಒಣಕೊಬ್ಬರಿಯ ಗಿಟುಕು ಹೋಳು ಮಾಡಿ, ಬೆಲ್ಲ ಕಾಸಿ, ಹೊರಗೆ ಹೋಗಿದ್ದಾರೆ ಅನ್ನುವಂತೆ. ಪೆದ್ದನ ಹಾಗೆ ಮನೆಯಲ್ಲಿ ಉಳಿದಿದ್ದ ಡಬ್ಬಿ ತೆರೆದು ನೋಡಿದೆ. ಮನೆಯಲ್ಲಿ ಕೊಬ್ಬರಿಯೇ ಇರಲಿಲ್ಲ.

ಕಿಟಕಿಯ ಬಿಸಿಲು ಹುಲ್ಲಿನ ಬುಡಕ್ಕೆ ಬಿದ್ದಿತ್ತು. ಅಲ್ಲಿ ಮೂರು ಹೂವು, ತುಕ್ಕಿನಂಥ ಕೆಂಪು, ನಡುವೆ ಚುಕ್ಕೆಯ ಹಳದಿ ನಾಲಿಗೆ. ಒಂದೊಂದೂ ನನ್ನ ಹೆಬ್ಬೆರಳಿನ ತುದಿಗಿಂತ ಸ್ವಲ್ಪ ದೊಡ್ಡದು. ಎಲೆಗಳನ್ನು ಸರಿಸದೆ ಕಾಣುವುದೂ ಇಲ್ಲ. ಅಷ್ಟು ಚಿಕ್ಕದು ಎರಡು ಕೋಣೆಯನ್ನು ತುಂಬಿಸಿತ್ತು — ನೋಡುವವರಿಲ್ಲ, ಮೂಸುವವರಿಲ್ಲ, ಬೀಗ ಹಾಕಿದ ಮನೆ. ತನ್ನ ಹೊತ್ತು ಬಂತು, ತೆರೆದುಕೊಂಡಿತು. ನಾನು ನೆಲದ ಮೇಲೆ ಕೂತುಬಿಟ್ಟೆ. ದೇವರ ಮುಂದೆ ಕೂತಾಗಲೂ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಯೋಚಿಸುವ ನನ್ನ ತಲೆಯಲ್ಲಿ ಅಂದು ಒಂದು ಯೋಚನೆಯೂ ಇರಲಿಲ್ಲ. ಬಿಸಿಲು ಸರಿಯಿತು. ವಾಸನೆಯೂ ಬಂದ ಹಾಗೆಯೇ ಮೆಲ್ಲಗೆ ಹೊರಟುಹೋಯಿತು.

ಆಮೇಲೆ ಅಕ್ಕ ನೆನಪಾದಳು. ಒಂದು ವರ್ಷ ಬೂದಿಯಂತೆ ಬಿದ್ದಿದ್ದ ಮೂಗು, ಒಂದೇ ಒಂದು ಹೂವು ಅರಳಿದಾಗ ಇದನ್ನು ಹಿಡಿದಿತ್ತು. ಹೊತ್ತನ್ನೂ ಸರಿಯಾಗಿ ಹೇಳಿತ್ತು. ಹೂವಿಗಿಂತ ಅದು ದೊಡ್ಡ ಬೆರಗು. ಅದನ್ನು ನಾನು —

ಅಕ್ಕನಿಗೆ ಅಲ್ಲಿಗೇ ಫೋನ್ ಮಾಡಬಹುದಿತ್ತು. ಫೋನ್ ಕೈಯಲ್ಲೇ ಇತ್ತು. ಆದರೆ ಹೊಸ ಹಲಗೆಯ ಮೇಲೆ ಹೊಸ ಕುಂಡಗಳಿಗೆ ಜಾಗ ಗುರುತು ಹಾಕಿಟ್ಟಿದ್ದೆ. ತಪ್ಪು ನನ್ನದೆಂದು ಒಪ್ಪಿದರೆ ಒಲೆ ಕೆಳಗಿಳಿಯುತ್ತದೆ, ಹಲಗೆ ಹೋಗುತ್ತದೆ. ಆಕೆ ಬರುವುದರೊಳಗೆ ಮೂರೂ ಹೂವನ್ನು ಚಿವುಟಿದೆ. ವಾಸನೆಗೆಂದೇ ತಿಂಗಳುಗಟ್ಟಲೆ ಹುಡುಕಿ ತಂದ ಗಿಡದ ಮೊಗ್ಗನ್ನು ಮುಂದೆ ಪ್ರತಿವರ್ಷವೂ ಚಿವುಟಿದೆ. “ಯಾಕೋ ಈ ಹುಲ್ಲು ಮತ್ತ ಹೂ ಬಿಡವಲ್ದು,” ಅಂತ ಅಕ್ಕ ಅಂದರೆ, “ನಮ್ಮ ಬಿಸಿಲಿಗೆ ಬಿಡಂಗಿಲ್ಲಕ್ಕಾ,” ಅನ್ನುತ್ತಿದ್ದೆ. ಉಳಿದ ಮೂರು ಗಿಡ ಅರಳಿದವು. ಒಂದು ವೆನಿಲ್ಲಾ, ಒಂದು ನಿಂಬೆ, ಒಂದು ಜೇನು. ಅಕ್ಕ ಒಂದು ದಿನವೂ ಏನೂ ಅನ್ನಲಿಲ್ಲ. ಬಂದಿರಬಹುದು ಆಕೆಗೆ. ಬಂದದ್ದನ್ನು ನಂಬುವುದನ್ನು ನಾನೇ ಬಿಡಿಸಿದ್ದೆನಲ್ಲ.

ಕಳೆದ ತಿಂಗಳು ಒಂದು ಬೆಳಿಗ್ಗೆ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಒಳಗಿಂದ ಅಕ್ಕ ಕೂಗಿದಳು.

“ತಮ್ಮಾ, ಹಾಲು ತಳ ಹಿಡದಂಗ ವಾಸನಿ ಬರಾಕತ್ತೈತಿ. ನೀ ಬಂದು ನೋಡು. ನನಗ ಭ್ರಮೆ ಇರಬೇಕು.”

ಓಡಿ ಬಂದೆ. ಹಾಲು ತಳ ಹಿಡಿದಿತ್ತು. ಅಕ್ಕ ಅದರ ಮುಂದೆಯೇ, ಗ್ಯಾಸಿನ ಗುಂಡಿಯ ಮೇಲೆ ಕೈಯಿಟ್ಟು, ನಾನು ಬಂದು ಹೇಳಲೆಂದು ಕಾಯುತ್ತ ನಿಂತಿದ್ದಳು. ಬೆನ್ನು ಮಾಡಿ ಗುರೆಳ್ಳು ಹುರಿಯುತ್ತಿದ್ದ ಅಕ್ಕ.

ಅಲ್ಲೇ ಹೇಳಿದೆ. ಹೂವು, ಹನ್ನೊಂದು ಗಂಟೆ, ಕಿಟಕಿ, ಚಿವುಟಿದ್ದು — ಎಲ್ಲ. ಆಕೆ ಹಾಲು ಇಳಿಸಿ, ನನ್ನ ಮುಖ ನೋಡಿದಳು.

“ಹಂಗಾರ ಆವತ್ತು ಬಂದದ್ದು ಖರೇನ ಕೊಬ್ಬರಿ?”

“ಖರೇನ ಅಕ್ಕಾ.”

ಬೈಯಲಿಲ್ಲ. ತಳ ಹಿಡಿದ ಪಾತ್ರೆ ತಿಕ್ಕಲು ಕೂತಳು. ನಾನು ಕುಂಡಗಳನ್ನು ತೆಗೆದೆ, ಹಲಗೆ ಕಿತ್ತೆ, ಒಲೆ ಇಳಿಸಿ ಒರೆಸಿಟ್ಟೆ. ಆಕೆ ಅದನ್ನು ಹಚ್ಚಲಿಲ್ಲ. ಮೂರನೇ ದಿನ, ನನಗೆ ಊಟಕ್ಕೆ ಬಡಿಸುತ್ತ, ಗೋಡೆಗೆ ಹೇಳುವಂತೆ ಹೇಳಿದಳು:

“ಅವ್ವನ ಸೀರಿ ಒಂದಿತ್ತು, ಪೆಟಿಗ್ಯಾಗ. ಅವ್ವ ಹೋದಾಗಿಂದ ನೀರು ಕಾಣಿಸಿರಲಿಲ್ಲ ಅದಕ್ಕ. ಹ್ವಾದ ವರ್ಷ ತೆಗದ್ರ ಆಕಿ ವಾಸನಿ ಬಂತು. ಇಭೂತಿ, ಎಲಿಅಡಕಿ... ಭ್ರಮೆ ಅಂದ್ಕೊಂಡೆ. ವಾಸನಿ ಸಿಗದಿದ್ದ ಮ್ಯಾಲ ಹಂಗ ಮುಚ್ಚಿಟ್ಟೇನು ಮಾಡೋದಂತ, ಒಗದು ಬಿಸಿಲಿಗೆ ಹಾಕಿದೆ.”

ಇನ್ನೂ ಏನೇನು ಹಾಗೆ ಒಗೆದಳೋ, ಎಸೆದಳೋ, ಯಾವ ಯಾವ ವಾಸನೆಯನ್ನು ಬಂದ ಬಾಗಿಲಿಂದಲೇ ತಿರುಗಿ ಕಳಿಸಿದಳೋ — ಆವತ್ತು ಕೇಳುವ ಧೈರ್ಯವಾಗಲಿಲ್ಲ. ಈ ಭಾನುವಾರ ಮನೆಯಲ್ಲೇ ಇರುತ್ತೇನೆ. ಒಂದೊಂದಾಗಿ ಕೇಳುತ್ತೇನೆ, ಆಕೆ ಹೇಳಿದಷ್ಟನ್ನೂ, ನಡುವೆ ಬಾಯಿ ಹಾಕದೆ.