ಐದೂವರೆ ಮಣದ ಸೊಣ್ಣಪ್ಪ

ಹೊಸೂರಿನಾಚೆಯ ರಾಯಕೋಟೆ ಸಂತೆಯಲ್ಲಿ ಎತ್ತು ಮಾರುವವರು ಅಕ್ಕಯಮ್ಮನ ಹತ್ತಿರ ಸುಳ್ಳು ಹೇಳಲು ಹೋಗುತ್ತಿರಲಿಲ್ಲ. ಹೇಳಿಯೂ ಪ್ರಯೋಜನವಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ಒಬ್ಬಳೇ ಎತ್ತಿನ ವ್ಯಾಪಾರ ಮಾಡಿಕೊಂಡು ಬಂದ ಹೆಂಗಸು ಅವಳು. ಎತ್ತು ನಾಲ್ಕು ಹೆಜ್ಜೆ ಇಟ್ಟರೆ ಸಾಕು, ಅದರ ವಯಸ್ಸು, ಗುಣ, ಹಳೆಯ ಪೆಟ್ಟು ಎಲ್ಲ ಹೇಳಿಬಿಡುತ್ತಿದ್ದಳು. ಅವಳ ಒಬ್ಬನೇ ಮಗ ಸೊಣ್ಣಪ್ಪ. 1947ರ ಬೇಸಿಗೆಗೆ ಅವನಿಗೆ ಇಪ್ಪತ್ತೊಂಬತ್ತು ತುಂಬಿತ್ತು. ತಾಯಿ ಮಾತಾಡುವಾಗ ಹಗ್ಗ ಹಿಡಿದು ಹಿಂದೆ ನಿಲ್ಲುವುದು, ಮಾತು ಕುದುರಿದ ಮೇಲೆ ಎತ್ತು ಬಿಚ್ಚಿಕೊಡುವುದು, ಉಳಿದ ದಿನ ಹೊಲದ ಕೆಲಸ. ಯುದ್ಧದಿಂದ ಮರಳಿದ ಮೇಲೆ ಇಷ್ಟೇ ಅವನ ಬದುಕು ಎಂದು ಊರವರೆಲ್ಲ ತಿಳಿದಿದ್ದರು.

ಒಂದು ಸಂತೆಯ ದಿನ, ಪಕ್ಕದವರ ಹೋರಿಯೊಂದು ಇದ್ದಕ್ಕಿದ್ದಂತೆ ತಲೆ ಬೀಸಿತು. ಕೊಂಬು ನೇರವಾಗಿ ಸೊಣ್ಣಪ್ಪನ ಕೆನ್ನೆಗೇ ಬಂತು. ಅವನು ಹಾರಲಿಲ್ಲ, ಕೂಗಲಿಲ್ಲ. ತಲೆಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದ, ಅಷ್ಟೆ. ಕೊಂಬು ಕಿವಿಯ ಪಕ್ಕದಲ್ಲಿ ಗಾಳಿ ಸೀಳಿಕೊಂಡು ಹೋಯಿತು. ಅವನು ಮತ್ತೆ ಮೊದಲಿನಂತೆಯೇ ನಿಂತು ಕಡಲೆಕಾಯಿ ಸುಲಿಯತೊಡಗಿದ.

ಇದನ್ನು ಆಚೆಯಿಂದ ಒಬ್ಬ ಖಾಕಿ ಚಡ್ಡಿಯ, ಹುರಿಮೀಸೆಯ ಮನುಷ್ಯ ನೋಡಿದ.

"ಲೋ! ಸೊಣ್ಣಾ! ನೀನೇನ್ಲಾ?"

ಸೊಣ್ಣಪ್ಪನ ಕೈಯಿಂದ ಕಡಲೆಕಾಯಿ ಉದುರಿತು. ಹಿಮ್ಮಡಿ ಎರಡೂ ಕೂಡಿಸಿ, ಹಗ್ಗ ಹಿಡಿದ ಕೈಯಲ್ಲೇ ಸೆಲ್ಯೂಟ್ ಹೊಡೆದ.

"ಯಾರ್ಲಾ ಇವ್ರು? ಕಂಡ ತಕ್ಷಣ ಕಂಬ ಆಗ್ಬುಟ್ಟೆ?" ಎಂದಳು ಅಕ್ಕಯಮ್ಮ.

ಬಂದವರು ಹವಾಲ್ದಾರ್ ವೆಂಕಟರಾಮಪ್ಪ. ಮುಳಬಾಗಿಲು ಕಡೆಯವರು. ಬೆಂಗಳೂರಿನ ಪಟಾಲಮ್ಮಿನಲ್ಲಿ ಸಿಪಾಯಿಗಳಿಗೆ ಬಾಕ್ಸಿಂಗ್ ಕಲಿಸುತ್ತಿದ್ದವರು. ಪಿಂಚಣಿಯಾದ ಮೇಲೆ ಕೋಲಾರದ ಚಿನ್ನದ ಗಣಿಯಲ್ಲಿ ಗೇಟು ಕಾಯುವ ಕೆಲಸದಲ್ಲಿದ್ದರು. ತಮ್ಮನ ಹೊಲಕ್ಕೆ ಒಂದು ಜೊತೆ ಎತ್ತು ನೋಡಲು ರಾಯಕೋಟೆಗೆ ಬಂದಿದ್ದರು.

"ಅಕ್ಕಾ, ನಿಮ್ ಮಗ ಗುದ್ದೋಕೆ ನಿಂತ್ರೆ ಇಡೀ ಬೆಂಗ್ಳೂರು ದಂಡೇ ನೋಡೋಕೆ ಬತ್ತಿತ್ತು," ಎಂದರು ಹವಾಲ್ದಾರರು.

"ನನ್ ಮಗ ಯಾರ್ಗೂ ಗುದ್ದೋನಲ್ಲ."

"ನಲವತ್ತನೇ ಇಸ್ವೀಲಿ ಕಪ್ ಗೆದ್ದವ್ನೆ! ಆವತ್ತೇ ಅಲ್ವಾ ಆ ಮುಂದ್ಲ ಹಲ್ಲು ಹೋಗಿದ್ದು?"

ಅಕ್ಕಯಮ್ಮ ಮಗನ ಕಡೆ ತಿರುಗಿದಳು. "ಸೇತುವೆ ಮೇಲಿಂದ ಬಿದ್ದೆ ಅಂದಿದ್ದೆ?"

ಸೊಣ್ಣಪ್ಪ ಎತ್ತಿನ ಬೆನ್ನಿನ ಮೇಲೆ ಇಲ್ಲದ ನೊಣ ಓಡಿಸಿದ.

ಹತ್ತೊಂಬತ್ತಕ್ಕೆ ಪಟಾಲಂ ಸೇರಿದವನು ಸೊಣ್ಣಪ್ಪ. ಸೇತುವೆ ಕಟ್ಟುವ, ರಸ್ತೆ ಹಾಕುವ ತುಕಡಿ. ಅಲ್ಲಿ ವೆಂಕಟರಾಮಪ್ಪ ಅವನ ಕೈಗೆ ಗ್ಲೌಸು ತೊಡಿಸಿದರು. ಮೂರು ವರ್ಷದಲ್ಲಿ ಲೈಟ್‌ವೇಟ್ ವರ್ಗದಲ್ಲಿ ಅವನನ್ನು ಮುಟ್ಟುವವರು ಯಾರೂ ಉಳಿಯಲಿಲ್ಲ. ಮುಂದಿನ ವರ್ಷ ಉತ್ತರದ ದೊಡ್ಡ ಪಂದ್ಯಕ್ಕೆ ಅವನನ್ನೇ ಕಳಿಸುವುದೆಂದು ಮಾತಾಗಿತ್ತು. ಆ ಮುಂದಿನ ವರ್ಷ ಅವನು ಹಡಗು ಹತ್ತಿದ. ಇರಾಕಿನ ಮರಳಿನಲ್ಲಿ ಐದು ವರ್ಷ ಸ್ಪ್ಯಾನರು ಹಿಡಿದು ರೈಲು ಕಂಬಿ ಜೋಡಿಸಿದ. ಯುದ್ಧ ಮುಗಿದು ಊರಿಗೆ ಬಂದಾಗ ಗ್ಲೌಸಿನ ಮಾತು ಎತ್ತಲು ಅಲ್ಲಿ ಯಾರಿದ್ದರು? ಮದುವೆಯಾದ. ಹೆಂಡತಿ ಕನಕಮ್ಮನಿಗೂ ಹೇಳಲಿಲ್ಲ. ನಾಚಿಕೆಯಿಂದಲ್ಲ, ಹೇಳಿದರೆ ಆಸೆ ಏಳುತ್ತದಲ್ಲ ಎಂಬ ಭಯದಿಂದ.

ಈಗ ಹವಾಲ್ದಾರರು ಆ ಆಸೆಯನ್ನೇ ಎಬ್ಬಿಸಿ ಹೋಗಿದ್ದರು. ಡಿಸೆಂಬರಿನಲ್ಲಿ ಗಣಿಯ ಮೈದಾನದಲ್ಲಿ ಪಂದ್ಯವಿದೆ, ಹೊರಗಿನವರೂ ನಿಲ್ಲಬಹುದು, ಗೆದ್ದವನಿಗೆ ಆ ವರ್ಷದ ಚಾಂಪಿಯನ್ ಪಟ್ಟ.

ಮನೆಯಲ್ಲಿ ಅಕ್ಕಯಮ್ಮ ಎರಡು ದಿನ ಮಗನೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ ಕನಕಮ್ಮ ಹೊಲಕ್ಕೆ ಬುತ್ತಿ ತಂದಾಗ, ಗಂಡ ನೇಗಿಲು ನಿಲ್ಲಿಸಿ ಬರಿಯ ಗಾಳಿಗೆ ಎಡಗೈ ಚಾಚುತ್ತಿದ್ದುದನ್ನು ಕಂಡಳು. ಬುತ್ತಿ ಕೆಳಗಿಟ್ಟು ಸ್ವಲ್ಪ ಹೊತ್ತು ನೋಡಿದಳು.

"ಅಷ್ಟು ಚೆನ್ನಾಗಿ ಬತ್ತಿತ್ತಾ ನಿಂಗೆ?"

"ಬತ್ತಿತ್ತು."

"ಈಗ್ಲೂ ಬತ್ತದಾ?"

"ಗೊತ್ತಿಲ್ಲ ಕಣೆ."

"ಗೊತ್ತು ಮಾಡ್ಕಂಡ್ರೆ ಏನು ಗಂಟು ಹೋದದು?"

ಸಾಯಂಕಾಲ ಅವಳೇ ಅತ್ತೆಯ ಮುಂದೆ ವಿಷಯ ತೆಗೆದಳು. ಅಕ್ಕಯಮ್ಮ ಎಲೆ ಅಡಿಕೆ ಜಗಿಯುತ್ತ ಎಲ್ಲ ಕೇಳಿದಳು. ಕೊನೆಗೆ, "ಹೋಗ್ಲಿ. ಆದ್ರೆ ನಾನೂ ಬತ್ತೀನಿ. ಎದ್ರಿಗೆ ನಿಲ್ಲೋನು ಯಾರು, ಎಂತೋನು, ನಾನು ಕಣ್ಣಾರ ನೋಡ್ಬೇಕು," ಎಂದಳು.

ಮೊದಲ ತೊಡಕು ತೂಕದ್ದು. ಲೈಟ್‌ವೇಟ್ ಎಂದರೆ ನೂರ ಮೂವತ್ತೈದು ಪೌಂಡು, ನಮ್ಮ ಕಡೆಯ ತೂಕದಲ್ಲಿ ಸುಮಾರು ಐದೂವರೆ ಮಣ. ಹುಣಿಸೆಹಣ್ಣಿನ ಮಂಡಿಯ ದೊಡ್ಡ ತಕ್ಕಡಿಯಲ್ಲಿ ಒಂದು ಕಡೆ ಸೊಣ್ಣಪ್ಪ ಕಾಲು ಮಡಿಸಿ ಕೂತ. ಇನ್ನೊಂದು ಕಡೆ ಕಲ್ಲು ಏರಿಸುತ್ತ ಹೋದರು. ಆರು ಮಣ, ಮೇಲೆ ಒಂದು ವೀಸೆ; ಅರ್ಧ ಮಣಕ್ಕೂ ಹೆಚ್ಚು ಇಳಿಯಬೇಕಿತ್ತು. ಮಂಡಿಯವನು ತಮಿಳಿನಲ್ಲಿ, ಬೀಜ ತೆಗೆದು ತೂಗಿದರೆ ಸರಿಹೋದೀತು ಎಂದ. ಅಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ತಕ್ಕಡಿಯೊಳಗೆ ಕೂತಿದ್ದ ಸೊಣ್ಣಪ್ಪನೂ ನಕ್ಕ.

ಅಂದಿನಿಂದ ಮೂರು ಮುದ್ದೆ ಒಂದೂವರೆಗೆ ಇಳಿಯಿತು. ಅಕ್ಕಯಮ್ಮನಿಗೆ ಗುದ್ದಾಟಕ್ಕಿಂತ ಇದೇ ದೊಡ್ಡ ಸಂಕಟ. "ಮೇವು ಕಮ್ಮಿ ಮಾಡಿ ಯಾವನ್ಲಾ ಪಂದ್ಯಕ್ಕೆ ಬಿಡೋದು?" ಎಂದು ತಟ್ಟೆಗೆ ಇನ್ನರ್ಧ ಇಡಲು ಬರುವಳು, ಕನಕಮ್ಮ ಅತ್ತೆಯ ಕೈ ಹಿಡಿದುಕೊಳ್ಳುವಳು.

ಬೆಳಿಗ್ಗೆ ಸೊಣ್ಣಪ್ಪ ಹಳೆಯ ರೈಲು ದಾರಿಯ ಏರಿಯ ಮೇಲೆ ಓಡುತ್ತಿದ್ದ. ಹೊಸೂರಿಗೆ ಹೋಗುತ್ತಿದ್ದ ಪುಟ್ಟ ರೈಲಿನ ಕಂಬಿಗಳನ್ನು ಯುದ್ಧಕ್ಕೆ ಬೇಕೆಂದು ಕಿತ್ತುಕೊಂಡು ಹೋಗಿದ್ದರು. ಮಣ್ಣಿನ ಏರಿ ಮಾತ್ರ ಕೆಲಮಂಗಲದ ಕಡೆಗೆ ನೇರವಾಗಿ ಬಿದ್ದಿತ್ತು. "ಈ ಕಂಬೀನ ಇರಾಕಲ್ಲಿ ನಾನೇ ಜೋಡಿಸಿದ್ನೋ ಏನೋ ಕಣೆ," ಎಂದು ಅವನು ಹೆಂಡತಿಗೆ ಹೇಳುವನು. "ಹಂಗಾರೆ ನೀನೇ ಕಂಬಿ ಬದ್ಲು ಓಡು," ಎಂದು ಅವಳು ಅನ್ನುವಳು.

ತಿಂಗಳಿಗೊಮ್ಮೆ ಹವಾಲ್ದಾರರು ಬಂದು ಎರಡು ದಿನ ಇರುತ್ತಿದ್ದರು. ಮೊದಲ ಸಲ ಗ್ಲೌಸು ಕಟ್ಟಿ ತಮ್ಮ ಅಂಗೈಗೆ ಹೊಡೆಯಲು ಹೇಳಿದರು. ಒಂದು ನಿಮಿಷಕ್ಕೆ ಸೊಣ್ಣಪ್ಪ ಮೊಣಕಾಲ ಮೇಲೆ ಕೈಯಿಟ್ಟು ಬಗ್ಗಿದ. ಎದೆ ತಿದಿಯಂತೆ ಹಾರುತ್ತಿತ್ತು.

"ಆಗಾಕಿಲ್ಲ ಹವಾಲ್ದಾರ್ರೇ. ಏಳು ವರ್ಷ ಆಗೋಯ್ತು."

"ಕೈ ಮರ್ತಿಲ್ಲ ಕಣ್ಲಾ. ಉಸ್ರು ಮರ್ತದೆ. ಉಸ್ರಿಗೆ ನೆಪ್ಪು ಮಾಡಿದ್ರಾಯ್ತು."

ಗೋಣಿಚೀಲಕ್ಕೆ ಮರಳು, ರಾಗಿ ಹೊಟ್ಟು ತುಂಬಿ ಹುಣಿಸೆ ಕೊಂಬೆಗೆ ನೇತುಹಾಕಿದರು. ಒಂದು ರೌಂಡು ಎಂದರೆ ಮೂರು ನಿಮಿಷ. ಆದರೆ ಮನೆಯಲ್ಲಿ ಗಡಿಯಾರವಿಲ್ಲ. ಹವಾಲ್ದಾರರು ಕೈಗಡಿಯಾರ ಹಿಡಿದು, ಕನಕಮ್ಮ ರಾಗಿ ಬೀಸುವುದನ್ನು ನೋಡಿದರು. ಮೂರು ಹಿಡಿ ರಾಗಿ ಹಿಟ್ಟಾಗಲು ಸರಿಯಾಗಿ ಮೂರು ನಿಮಿಷ. ಅಲ್ಲಿಂದಾಚೆ ಅದೇ ಗಡಿಯಾರವಾಯಿತು. ಕಲ್ಲು ತಿರುಗಿದರೆ ಸೊಣ್ಣಪ್ಪ ಚೀಲಕ್ಕೆ ಗುದ್ದಬೇಕು. ಕಲ್ಲು ನಿಂತರೆ ನಿಲ್ಲಬೇಕು. ಬೇಲಿಯಾಚೆ ಪಕ್ಕದ ಮನೆಯ ಪಿಳ್ಳಮ್ಮ, "ಇವ್ರ ಮನೇಲಿ ರಾಗಿ ಬೀಸೋಕೂ ಇಬ್ರು ಬೇಕು," ಎಂದು ಎಲ್ಲರಿಗೂ ಹೇಳಿಕೊಂಡು ಬಂದಳು.

ದೀಪಾವಳಿ ಕಳೆಯುವಷ್ಟರಲ್ಲಿ ಸೊಂಟದ ಸುತ್ತಿನ ಮಾಂಸ ಕರಗಿತ್ತು. ಮಂಡಿಯ ತಕ್ಕಡಿ ಐದೂವರೆಗೆ ನಿಂತಿತು. ಕಾಲು ಹಗುರವಾಗಿ ಎಡಗೈ ತಾನಾಗಿ ಮುಂದೆ ಹೋಗತೊಡಗಿತು. ಒಂದು ದಿನ ಗುದ್ದಿನ ರಭಸಕ್ಕೆ ಚೀಲವೇ ಹರಿದು ಮರಳೆಲ್ಲ ಅವನ ಪಾದದ ಮೇಲೆ ಸುರಿಯಿತು. ತನಗೆ ಬರುತ್ತಿದ್ದ ವಿದ್ಯೆ ಎಲ್ಲಿಗೂ ಹೋಗಿರಲಿಲ್ಲ ಎಂದು ತಿಳಿದ ಆ ಗಳಿಗೆಯಲ್ಲಿ ಅವನ ಕಣ್ಣು ತುಂಬಿಬಂತು.

ಡಿಸೆಂಬರಿನಲ್ಲಿ ಮೂವರೂ ಹೊರಟರು. ಕೃಷ್ಣಗಿರಿಗೆ ಬಸ್ಸು, ಅಲ್ಲಿಂದ ಕುಪ್ಪಂ, ಕುಪ್ಪಂನಲ್ಲಿ ರೈಲು ಹತ್ತಿ ಬೌರಿಂಗ್‌ಪೇಟೆ, ಅಲ್ಲಿಂದ ಗಣಿ. ಅಕ್ಕಯಮ್ಮನ ಮಡಿಲಲ್ಲಿ ಒಂದು ಡಬ್ಬಿ ಕಜ್ಜಾಯ. "ಪಂದ್ಯ ಮುಗಿಯೋಗಂಟ ಮುಟ್ಟಂಗಿಲ್ಲ" ಎಂದು ಕನಕಮ್ಮ ಅದರ ಮೇಲೆ ಕಣ್ಣಿಟ್ಟಿದ್ದಳು.

ಶುಕ್ರವಾರದ ಮೊದಲ ಪಂದ್ಯದಲ್ಲಿ ಸೊಣ್ಣಪ್ಪ ಅಂಕಗಳ ಮೇಲೆ ಗೆದ್ದ. ಶನಿವಾರ ಎದುರಾಳಿಯ ಹುಬ್ಬು ಒಡೆದು ರೆಫರಿ ಎರಡನೇ ರೌಂಡಿಗೇ ಆಟ ನಿಲ್ಲಿಸಿದರು. ಭಾನುವಾರ ಮಧ್ಯಾಹ್ನ ಫೈನಲ್. ಎದುರಿಗೆ ಆವುಲಪ್ಪ. ಗಣಿಯೊಳಗೆ ಕಲ್ಲು ಒಡೆಯುವ ಇಪ್ಪತ್ತು ವರ್ಷದ ತೆಲುಗು ಹುಡುಗ. ಹಿಂದಿನ ವರ್ಷದ ಚಾಂಪಿಯನ್. ಮೈದಾನದ ಮುಕ್ಕಾಲು ಜನ ಅವನ ಕಡೆಯವರು.

"ಗೆಲ್ತೀನಾ ಹವಾಲ್ದಾರ್ರೇ?"

"ರೂಪಾಯ್ಗೆ ಆರಾಣೆ," ಎಂದರು ಹವಾಲ್ದಾರರು ಅವನ ಕೈಗೆ ಪಟ್ಟಿ ಸುತ್ತುತ್ತ. "ಜೂನ್ ತಿಂಗ್ಳಲ್ಲಿ ಅರ್ಧಾಣೆನೂ ಇರ್ಲಿಲ್ಲ."

ಮೊದಲ ಎರಡು ದಿನ ಅಕ್ಕಯಮ್ಮ ರಿಂಗಿನ ಹಗ್ಗದ ಹತ್ತಿರ ಕೂತು ತುಟಿ ಪಿಟಕ್ಕೆನ್ನದೆ ನೋಡಿದ್ದಳು. ಈಗ ಗಂಟೆ ಹೊಡೆದು ಆವುಲಪ್ಪನ ನಡಿಗೆ ಕಂಡದ್ದೇ ಅವಳ ಕಣ್ಣು ಚುರುಕಾಯಿತು. ಎಡಗೈ ಬೀಸುವ ಮುಂಚೆ ಹುಡುಗ ಎಡಭುಜ ಸ್ವಲ್ಪ ಇಳಿಸುತ್ತಿದ್ದ. ಹಾಯುವ ಎತ್ತು ಹಾಗೆಯೇ ಮಾಡುತ್ತದೆ. ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

"ಲೋ ಸೊಣ್ಣಾ! ಎಡಗೈ ನೋಡ್ಲಾ!"

ಹುಟ್ಟಿದಂದಿನಿಂದ ಆ ದನಿ ಕರೆದರೆ ತಿರುಗಿ ನೋಡಿ ಅಭ್ಯಾಸ. ಸೊಣ್ಣಪ್ಪ ತಿರುಗಿ ತಾಯಿಯನ್ನು ನೋಡಿದ. ಆವುಲಪ್ಪನ ಎಡಗೈ ಅವನ ದವಡೆಗೆ ಬಂತು. ಮರುಕ್ಷಣ ಅವನು ಆಕಾಶ ನೋಡುತ್ತ ಬಿದ್ದಿದ್ದ.

ಮೈದಾನ ಹುಚ್ಚೆದ್ದಿತು. ರೆಫರಿ ಎಣಿಸತೊಡಗಿದರು. ನಾಲ್ಕಕ್ಕೆ ಸೊಣ್ಣಪ್ಪ ಮೊಣಕಾಲೂರಿದ. ಏಳಕ್ಕೆ ಎದ್ದು ನಿಂತ. ಗಂಟೆ ಬಾರಿಸುವವರೆಗೆ ಹೇಗೋ ಕೈ ಅಡ್ಡ ಹಿಡಿದು ಉಳಿದುಕೊಂಡ. ಸ್ಟೂಲಿನ ಮೇಲೆ ಕೂತು ಅವನು ಹೇಳಿದ ಮಾತು ಒಂದೇ: "ಅಮ್ಮನ್ನ ಸುಮ್ನಿರೋಕೆ ಹೇಳಿ."

ಹೇಳಬೇಕಾಗಿರಲಿಲ್ಲ. ಅಕ್ಕಯಮ್ಮ ಆಗಲೇ ಸೆರಗಿನ ತುದಿಯನ್ನು ಬಾಯೊಳಗೆ ತುರುಕಿಕೊಂಡಿದ್ದಳು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು.

ಆದರೆ ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ. ಎರಡನೇ ರೌಂಡಿನಲ್ಲಿ ಸೊಣ್ಣಪ್ಪ ಆ ಭುಜವನ್ನೇ ಕಾದ. ಅದು ಇಳಿದಾಗಲೆಲ್ಲ ತಲೆ ಒಂದು ಗೇಣು ಸರಿಸಿ, ತೆರೆದ ಪಕ್ಕೆಗೆ ಬಲಗೈ ಕೊಟ್ಟ. ಮೂರನೆಯದರಲ್ಲಿ ಹುಡುಗನ ಕೈಗಳು ಭಾರವಾದವು, ಬಾಯಿ ತೆರೆಯಿತು. ಸೊಣ್ಣಪ್ಪನಿಗೋ ಆಗತಾನೇ ಮೈ ಬಿಸಿಯೇರಿದಂತೆ. ಒಂದಾದ ಮೇಲೊಂದು ಎಡಗೈ ಹಾಕುತ್ತಿರುವಾಗಲೇ ಕೊನೆಯ ಗಂಟೆ ಹೊಡೆಯಿತು.

"ಇಷ್ಟು ಬೇಗ್ನೆ? ಗಂಟೆಯವ್ನು ತಪ್ ಮಾಡ್ಬುಟ್ಟ!" ಎಂದು ಅವನು ಹವಾಲ್ದಾರರ ಹತ್ತಿರ ಜಗಳಕ್ಕೇ ಬಂದ.

ಮೂವರು ತೀರ್ಪುಗಾರರಲ್ಲಿ ಇಬ್ಬರು ಸೊಣ್ಣಪ್ಪನ ಹೆಸರು ಬರೆದಿದ್ದರು. ರೆಫರಿ ಅವನ ಕೈ ಎತ್ತಿದಾಗ ಆವುಲಪ್ಪನ ಕಡೆಯವರೂ ಚಪ್ಪಾಳೆ ಹೊಡೆದರು. ಬಿದ್ದು ಎದ್ದವನಿಗೆ ಗಣಿಯ ಜನ ಯಾವಾಗಲೂ ಮರ್ಯಾದೆ ಕೊಡುತ್ತಾರೆ.

ಅಕ್ಕಯಮ್ಮ ಮಗನ ಹತ್ತಿರ ಹೋಗಲಿಲ್ಲ. ಡಬ್ಬಿ ಎತ್ತಿಕೊಂಡು ನೇರವಾಗಿ ಸೋತ ಹುಡುಗನ ಮೂಲೆಗೆ ನಡೆದಳು. "ಏ ಊರು ನಾಯನಾ?" ಎಂದು ತೆಲುಗಿನಲ್ಲಿ ಅವನ ಊರು ವಿಚಾರಿಸಿ, ಊದಿಕೊಂಡ ಅವನ ತುಟಿ ನೋಡಿ ಕಜ್ಜಾಯ ಮುರಿದು ಸಣ್ಣ ಸಣ್ಣ ಚೂರು ಮಾಡಿ ಕೊಟ್ಟಳು. ಚಾಂಪಿಯನ್ನನಿಗೆ ಕೊನೆಗೆ ಎರಡು ಉಳಿದವು.

ರೈಲಿನಲ್ಲಿ ಸೊಣ್ಣಪ್ಪ ಮತ್ತೆ ಗಂಟೆಯ ಮಾತೆತ್ತಿದಾಗ ಕನಕಮ್ಮ ಕಿಟಕಿಯಾಚೆ ನೋಡುತ್ತ ಹೇಳಿದಳು: "ಗಂಟೆ ಸರಿಯಾಗೇ ಇತ್ತು. ದಸರಾ ಆದ್ಮೇಲೆ ನಾನು ಮೂರು ಹಿಡಿ ಬದ್ಲು ನಾಕು ಹಿಡಿ ಹಾಕ್ತಿದ್ದೆ."

ಸೊಣ್ಣಪ್ಪ ಬೌರಿಂಗ್‌ಪೇಟೆಯಿಂದ ಕುಪ್ಪಂವರೆಗೆ ನಕ್ಕ. ನಕ್ಕಾಗಲೆಲ್ಲ ದವಡೆ ನೋಯುತ್ತಿತ್ತು. ಅದಕ್ಕೆ ಮತ್ತೆ ನಗು ಬರುತ್ತಿತ್ತು.

ರಾಯಕೋಟೆಯಲ್ಲಿ ಅವನಿಗೆ ಚಾಂಪಿಯನ್ ಎಂಬ ಹೆಸರು ನಿಲ್ಲಲಿಲ್ಲ. ಮಂಡಿಯವನ ಕೃಪೆಯಿಂದ ಐದೂವರೆ ಮಣದ ಸೊಣ್ಣಪ್ಪ ಎಂದೇ ಆಯಿತು. ಮರುವರ್ಷವೂ ಅವನು ಹೋದ. ಈ ಸಲ ಮನೆಯವರಿಲ್ಲದೆ, ಹವಾಲ್ದಾರರ ಜೊತೆ. ಕನಕಮ್ಮನಿಗೆ ಏಳು ತಿಂಗಳು, ಅಕ್ಕಯಮ್ಮ ಸೊಸೆಯ ಜೊತೆ ಉಳಿದಳು. ಫೈನಲ್‌ನಲ್ಲಿ ಮತ್ತೆ ಅದೇ ಆವುಲಪ್ಪ. ಒಂದು ವರ್ಷದಲ್ಲಿ ಅವನು ಭುಜ ಇಳಿಸುವುದನ್ನು ಬಿಟ್ಟಿದ್ದ. ಮೂರೂ ರೌಂಡು ಅವನದೇ, ತಕರಾರಿಲ್ಲದೆ.

ವಾಪಸು ಬರುವಾಗ ಕುಪ್ಪಂ ನಿಲ್ದಾಣದ ಹೊರಗೆ ಬಸ್ಸಿಗಾಗಿ ಕಾಯುತ್ತ, ಅವನನ್ನು ಬಿಡಲು ಅಲ್ಲಿಯವರೆಗೆ ಬಂದಿದ್ದ ಹವಾಲ್ದಾರರು ಕೇಳಿದರು: "ಮುಂದಿನ್ ವರ್ಷ?"

"ಸಾಕು ಹವಾಲ್ದಾರ್ರೇ. ಅವತ್ತು ಹಡಗು ಹತ್ತಿದಾಗ ನನ್ನನ್ನ ಕೇಳ್ದೆ ಬಿಡ್ಸಿದ್ರು. ಈಗ ನಾನೇ ಬಿಡ್ತಾ ಇದೀನಿ. ಅದು ಬೇರೆ, ಇದು ಬೇರೆ."

ಹವಾಲ್ದಾರರು ತಲೆಯಾಡಿಸಿದರು. ಎದುರಿನ ಅಂಗಡಿಯಲ್ಲಿ ಎಣ್ಣೆಯಿಂದ ಆಗತಾನೇ ತೆಗೆದ ಮಸಾಲೆ ವಡೆ ಇತ್ತು. ಇಬ್ಬರೂ ಎಲೆಯ ಮೇಲೆ ನಾಲ್ಕು ನಾಲ್ಕು ಹಾಕಿಸಿಕೊಂಡು, ಊದಿಕೊಂಡ ಮುಖದ ಸೊಣ್ಣಪ್ಪ ಒಂದೇ ದವಡೆಯಲ್ಲಿ ಜಗಿಯುತ್ತ, ಹುಟ್ಟುವ ಮಗುವಿಗೆ ಏನು ಹೆಸರಿಡುವುದೆಂದು ಮಾತಾಡುತ್ತಿರುವಾಗ ಕೃಷ್ಣಗಿರಿ ಬಸ್ಸು ಬಂತು.